ಖಾನಾವಳಿಗೆ ಹನ್ನೆರಡೂವರೆ, ಗೋಳಿಬಜೆಗೆ ನಾಲ್ಕು

ಯಾರಾದರೂ ಒಂದು ಹೋಟೆಲ್ ಚೆನ್ನಾಗಿಲ್ಲ ಅಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಷ್ಟು ಹೊತ್ತಿಗೆ ಹೋಗಿದ್ರಿ? ಮಧ್ಯಾಹ್ನ ಮೂರಕ್ಕೆ ಖಾನಾವಳಿಗೆ ಹೋಗಿ ರೊಟ್ಟಿ ಗಟ್ಟಿಯಾಗಿತ್ತು ಅನ್ನುವವರು ಇದ್ದಾರೆ. ರಾತ್ರಿ ಎಂಟಕ್ಕೆ ಬನ್ಸ್ (ಬಾಳೆಹಣ್ಣು ಹಾಕಿ ಕರಿದ ಕರಾವಳಿಯ ತಿಂಡಿ) ಕೇಳಿ, ಎಣ್ಣೆ ಎಣ್ಣೆ ಇತ್ತು ಅನ್ನುವವರೂ ಇದ್ದಾರೆ. ಹೋಟೆಲ್ ಯಾವುದು ಅನ್ನುವಷ್ಟೇ ಮುಖ್ಯ, ಆ ಊರಿನವರು ಅದನ್ನು ಯಾವಾಗ ತಿನ್ನುತ್ತಾರೆ ಅನ್ನುವುದು. ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ನನ್ನದು ಔಷಧ ಕಂಪನಿಯ ಕೆಲಸ. ಮನೆ ಹುಬ್ಬಳ್ಳಿಯಲ್ಲಿ. ಡಾಕ್ಟರುಗಳನ್ನು ನೋಡುತ್ತಾ ಧಾರವಾಡ, ಗದಗ, ಹಾವೇರಿ ಅಂತ ತಿರುಗುತ್ತೇನೆ. ಹಾಗಾಗಿ ಮಧ್ಯಾಹ್ನದ ಊಟ ಹೆಚ್ಚಾಗಿ ಹೊರಗೇ. ರಜೆ ಸಿಕ್ಕರೆ ಮನೆಯವರನ್ನು ಕರೆದುಕೊಂಡು ಕರಾವಳಿ ಕಡೆ ಇಳಿಯುತ್ತೇವೆ. ನಾವು ಸಸ್ಯಾಹಾರಿಗಳು. ಮೀನಿನ ಬಗ್ಗೆ ತಿಳಿಯಬೇಕು ಅಂದರೆ ಬೇರೆಯವರನ್ನೇ ಕೇಳಬೇಕು.

ಮೊದಲು ನಮ್ಮ ಊರಿನದು. ಹಳೇ ಬಸ್ ಸ್ಟ್ಯಾಂಡ್ ಆಸುಪಾಸಿನ ಓಣಿಗಳಲ್ಲಿ ಸಣ್ಣ ಸಣ್ಣ ಖಾನಾವಳಿಗಳಿವೆ. ನಾನು ಹೋಗುವುದು ಅದರಲ್ಲೊಂದಕ್ಕೆ. ಬೋರ್ಡು ಬಣ್ಣ ಮಾಸಿದೆ, ಟೇಬಲ್ಲು ಕೈಬೆರಳಲ್ಲಿ ಎಣಿಸುವಷ್ಟು. ಒಳಗೆ ಕಾಲಿಡುವ ಮೊದಲೇ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು. ಸಪ್ಪಳ ಇಲ್ಲ ಅಂದರೆ ಆಗಲೇ ಬಡಿದು ಪೇರಿಸಿಟ್ಟಿದ್ದಾರೆ ಅಂತ ಅರ್ಥ. ಇಲ್ಲಿ ಹನ್ನೆರಡೂವರೆಗೆ ಶುರುವಾದ ಸಪ್ಪಳ ಎರಡು ಗಂಟೆಯವರೆಗೂ ನಿಲ್ಲುವುದಿಲ್ಲ. ಒಲೆಯ ಮುಂದೆ ಕೂತವರು ಯಜಮಾನರ ಹೆಂಡತಿ. ಹೆಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಆಮೇಲೆ ಬೆಂಕಿಗೆ ಹಿಡಿದು ಉಬ್ಬಿಸುತ್ತಾರೆ. ಉಬ್ಬಿದ ರೊಟ್ಟಿ ಹಾಗೇ ತಟ್ಟೆಗೆ ಬರುತ್ತದೆ.

ಒಮ್ಮೆ ಕೇಳಿದೆ. "ಅಕ್ಕಾರ, ನಿಮ್ಮ ರೊಟ್ಟಿ ಅಂಚು ಒಡೆಯೋದೇ ಇಲ್ಲಲ್ರಿ, ಹೆಂಗ?"

"ಹಿಟ್ಟು ಹಳೇದಿದ್ರ ಒಡೀತದ್ರಿ. ನಾವು ಎರಡು ದಿನಕ್ಕೊಮ್ಮೆ ಗಿರಣಿಗೆ ಹಾಕ್ತೀವಿ," ಅಂದರು.

ಜೋಳದ ಹಿಟ್ಟು ದಿನ ಕಳೆದಂತೆ ಜಿಗಿ ಕಳೆದುಕೊಳ್ಳುತ್ತದೆ. ಎಷ್ಟೇ ಬಿಸಿ ನೀರು ಹಾಕಿ ನಾದಿದರೂ ಬಡಿಯುವಾಗ ಬಿರುಕು ಬಿಡುತ್ತದೆ. ಒಂದು ಖಾನಾವಳಿ ಗಿರಾಕಿಗೆ ಎಷ್ಟು ಮರ್ಯಾದೆ ಕೊಡುತ್ತದೆ ಅನ್ನುವುದು ನನಗೆ ಆ ರೊಟ್ಟಿಯ ಅಂಚಿನಲ್ಲೇ ಗೊತ್ತಾಗುತ್ತದೆ.

ತಟ್ಟೆಯಲ್ಲಿ ಏನೇನಿರುತ್ತದೆ? ಎರಡು ಬಿಸಿ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಎಣ್ಣೆಗಾಯಿ ಬದನೆ. ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅಂದರೆ ಚಟ್ನಿಪುಡಿ, ಮೇಲೆ ಗಟ್ಟಿ ಮೊಸರು. ಎಣ್ಣೆಗಾಯಿ ಇಲ್ಲಿನ ಜೀವಾಳ. ಸಣ್ಣ ಬದನೆಕಾಯಿ ಸೀಳಿ, ಶೇಂಗಾ ಮತ್ತು ಗುರೆಳ್ಳಿನ ಪುಡಿ ತುಂಬಿ, ಸಣ್ಣ ಉರಿಯಲ್ಲಿ ಬೇಯಿಸಿದ್ದು. ಬೆರಳಲ್ಲಿ ಒತ್ತಿದರೆ ಕಾಯಿ ಬೆಣ್ಣೆಯಂತೆ ಬಿಡಬೇಕು, ಆದರೆ ಆಕಾರ ಹಾಳಾಗಿರಬಾರದು. ಇಲ್ಲಿ ಹಾಗೇ ಇರುತ್ತದೆ. ಮಧ್ಯಾಹ್ನ ಎರಡರ ಮೇಲೆ ಮಸಾಲೆ ತಳಕ್ಕೆ ಕೂತು, ಮೇಲೆ ಬರೀ ಎಣ್ಣೆ ತೇಲುತ್ತದೆ. ಆಗಲೂ ತಿನ್ನಬಹುದು, ಆದರೆ ಹನ್ನೆರಡೂವರೆಯ ರುಚಿ ಬೇರೆ.

"ಇನ್ನೊಂದ್ ಹಾಕ್ಲೇನ್ರಿ? ಬಿಸಿ ಐತಿ," ಅಂತ ಬಡಿಸುವ ಹುಡುಗ ರೊಟ್ಟಿ ಹಿಡಿದು ನಿಂತೇ ಇರುತ್ತಾನೆ. ಬೇಡ ಅನ್ನುವುದು ಕಷ್ಟ. ಕೊನೆಗೆ ಬರುವ ಅನ್ನ ಸಾರು ಮಾತ್ರ ಸುಮಾರು. ಸಾರು ತೆಳ್ಳಗೆ, ಅನ್ನ ಸ್ವಲ್ಪ ಮುದ್ದೆ. ಕೈ ತೊಳೆಯುವ ಜಾಗವೂ ಇಕ್ಕಟ್ಟು. ಹಾಗಾಗಿ ರೊಟ್ಟಿಗೇ ಹೊಟ್ಟೆ ತುಂಬಿಸಿ, ಮಜ್ಜಿಗೆ ಕುಡಿದು ಏಳಿ ಅನ್ನುತ್ತೇನೆ. ನೂರರ ನೋಟು ಕೊಟ್ಟರೆ ಇನ್ನೂ ಚಿಲ್ಲರೆ ವಾಪಸ್ ಬರುತ್ತದೆ.

ಹುಬ್ಬಳ್ಳಿಗೆ ಬಂದವರು ಸಂಜೆ ದುರ್ಗದ ಬೈಲಿಗೆ ಹೋಗಲೇಬೇಕು. ಗಿರ್ಮಿಟ್ ಮತ್ತು ಮಿರ್ಚಿ ಭಜಿ ಅಲ್ಲಿ ಜೋಡಿ. ಹುಣಸೆ, ಬೆಲ್ಲ, ಉಳ್ಳಾಗಡ್ಡಿಯ ಒಗ್ಗರಣೆಯನ್ನು ಚುರುಮುರಿಗೆ ಕಲಸಿ, ಮೇಲೆ ಪುಟಾಣಿ ಹಿಟ್ಟು, ಕೊತ್ತಂಬರಿ ಉದುರಿಸುತ್ತಾರೆ. ಕಲಸಿದ ಐದು ನಿಮಿಷದಲ್ಲಿ ಅದು ಮೆತ್ತಗಾಗುತ್ತದೆ. ಪಾರ್ಸೆಲ್ ಕಟ್ಟಿಸಿಕೊಂಡು ಲಾಡ್ಜಿಗೆ ಒಯ್ಯುವವರನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟ. ಅಲ್ಲೇ ನಿಂತು ತಿನ್ನಿ.

ಧಾರವಾಡದ ಲೈನ್ ಬಜಾರಿನಲ್ಲಿ ಬಾಬುಸಿಂಗ್ ಠಾಕೂರರ ಪೇಡೆ ಅಂಗಡಿಯೂ ಹಾಗೇ. ಇದು ಉತ್ತರ ಪ್ರದೇಶದ ಉನ್ನಾವ್‌ನಿಂದ ಧಾರವಾಡಕ್ಕೆ ಬಂದ ಮನೆತನ. ಹಾಲನ್ನು ಗಂಟೆಗಟ್ಟಲೆ ಕಾಯಿಸಿ, ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು ಮಾಡುವ ಪೇಡೆ. ಮಾಡಿದ್ದು ಮುಗಿದರೆ ಮುಗಿಯಿತು. ಊರಿನವರಿಗೆ ಇದು ಗೊತ್ತು, ಬೇಗ ಬಂದು ಸಾಲಿನಲ್ಲಿ ನಿಲ್ಲುತ್ತಾರೆ.

ಇನ್ನು ರಜೆಯ ಊಟ. ಕಳೆದ ಡಿಸೆಂಬರಿನಲ್ಲಿ ಉಡುಪಿಗೆ ಹೋಗಿದ್ದೆವು. ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲಾದಿಂದ ಸಮುದ್ರದ ಬದಿಯ ಹೆದ್ದಾರಿ. ಈ ದಾರಿಯಲ್ಲಿ ಬೆಳಗಿನ ತಿಂಡಿಗೆ ಉತ್ತರ ಕನ್ನಡದ ಯಾವುದಾದರೂ ಹಳೇ ಹೋಟೆಲಿನಲ್ಲಿ ಬನ್ಸ್ ಬಾಜಿ ತಿನ್ನಿ. ಇಲ್ಲಿ ಬನ್ಸ್ ಜೊತೆ ಬಟಾಣಿಯ ಬಾಜಿ ಕೊಡುತ್ತಾರೆ. ಇನ್ನೂ ದಕ್ಷಿಣಕ್ಕೆ ಹೋದರೆ ಅದೇ ಬನ್ಸಿಗೆ ಚಟ್ನಿ, ಸಾಂಬಾರು. ಒಂದೇ ತಿಂಡಿ, ಅರ್ಧ ದಿನದ ದಾರಿಯಲ್ಲಿ ಜೊತೆಗಾರ ಬದಲಾಗುತ್ತಾನೆ. ನನಗೆ ಬಾಜಿಯದೇ ಇಷ್ಟ. ಬನ್ಸಿನಲ್ಲಿ ಬಾಳೆಹಣ್ಣಿನ ಸಿಹಿ ಇರುತ್ತದಲ್ವಾ, ಅದಕ್ಕೆ ಖಾರದ ಬಾಜಿ ಸರಿಯಾಗಿ ಹೊಂದುತ್ತದೆ.

ಮಧ್ಯಾಹ್ನ ಹೆದ್ದಾರಿಯ ಒಂದು ದೊಡ್ಡ ಹೋಟೆಲಿಗೆ ಹೋದೆವು. ಪಾರ್ಕಿಂಗ್ ವಿಶಾಲ, ಟಾಯ್ಲೆಟ್ ಸ್ವಚ್ಛ, ಮೆನು ಪುಸ್ತಕದಷ್ಟು ದಪ್ಪ. ನನ್ನ ಹೆಂಡತಿ ನೀರುದೋಸೆ ಹೇಳಿದಳು. ಬೆಳಿಗ್ಗೆ ಮಾಡಿಟ್ಟಿದ್ದು ಬಂತು. ಒಂದಕ್ಕೊಂದು ಅಂಟಿ, ಅಂಚು ಒಣಗಿತ್ತು. ನೀರುದೋಸೆಗೆ ಉದ್ದು ಇಲ್ಲ, ಹುಳಿ ಬರಿಸುವುದೂ ಇಲ್ಲ. ಬರೀ ಅಕ್ಕಿ ಮತ್ತು ನೀರು. ಕಾವಲಿಯಿಂದ ಎದ್ದ ಕೂಡಲೇ ತಿನ್ನದಿದ್ದರೆ ಅದರಲ್ಲಿ ಉಳಿಯುವುದೇನೂ ಇಲ್ಲ. ಅದನ್ನು ಇಡೀ ದಿನ ಮಾರುತ್ತೇವೆ ಅನ್ನುವ ಜಾಗಕ್ಕೆ ನಾನು ಮತ್ತೆ ಹೋಗುವುದಿಲ್ಲ. ಮಗಳು ಮಾತ್ರ ಅಲ್ಲಿನ ಜ್ಯೂಸ್ ಹೊಗಳಿದಳು.

ಉಡುಪಿಯಲ್ಲಿ ಲಾಡ್ಜ್ ಹಿಡಿಯುವಾಗ ಬೆಳಗಿನ ತಿಂಡಿ ಸೇರಿದ್ದು ಬೇಡ ಅಂದೆ. ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಬಾಡಿಗೆಯಲ್ಲಿ ತಿಂಡಿ ಸೇರಿದ್ದರೆ ದುಡ್ಡು ಕೊಟ್ಟಾಗಿದೆಯಲ್ಲ ಅಂತ ಅಲ್ಲೇ ತಿಂದುಬಿಡುತ್ತೇವೆ. ಊರಿನ ಒಳ್ಳೆಯ ಹೊತ್ತು ಅಲ್ಲೇ ಕಳೆದುಹೋಗುತ್ತದೆ.

ಕೃಷ್ಣ ಮಠದ ಹತ್ತಿರದ ಮಿತ್ರ ಸಮಾಜ ಹೋಟೆಲಿಗೆ ಹೋಗಿದ್ದು ಸಂಜೆ ನಾಲ್ಕರ ಹೊತ್ತಿಗೆ. ಜನ ತುಂಬಿತ್ತು. ನಮ್ಮ ಟೇಬಲಿನಲ್ಲೇ ಹಿರಿಯರೊಬ್ಬರು ಕಾಫಿ ಕುಡಿಯುತ್ತಿದ್ದರು. ಮಗಳು ಬನ್ಸ್ ಬೇಕು ಅಂದಳು. ಅವರು ನನ್ನ ಕಡೆ ತಿರುಗಿ, "ಬನ್ಸ್ ಬೆಳಗ್ಗೆ ತಿನ್ನಿ ಮಾರಾಯ್ರೆ. ಈಗ ಗೋಳಿಬಜೆ ಬರ್ತದೆ, ಸ್ವಲ್ಪ ಕೂತ್ಕೊಳ್ಳಿ," ಅಂದರು. ಕೂತೆವು. ಬಂತು.

ಗೋಳಿಬಜೆ ಅಂದರೆ ಮೈದಾ, ಹುಳಿ ಮೊಸರು, ಹಸಿಮೆಣಸು, ಶುಂಠಿ, ಕರಿಬೇವು, ತೆಂಗಿನ ಚೂರು. ಹಿಟ್ಟನ್ನು ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಕೈಯಿಂದ ಎಣ್ಣೆಗೆ ಬಿಡುತ್ತಾರೆ. ಬಿಡುವ ಕೈಯಲ್ಲೇ ಎಲ್ಲ ಇದೆ. ಇಲ್ಲಿನದು ಹೊರಗೆ ತೆಳುವಾಗಿ ಗರಿ, ಒಳಗೆ ಹತ್ತಿಯ ಹಾಗೆ ಹಗುರ, ಅಲ್ಲಲ್ಲಿ ಹಲ್ಲಿಗೆ ಸಿಗುವ ತೆಂಗಿನ ಚೂರು. ಹಿಟ್ಟಿನ ಹುಳಿ ನಾಲಿಗೆಗೆ ಗೊತ್ತಾಗುವಷ್ಟಿತ್ತು, ಕಾಟ ಕೊಡುವಷ್ಟಿರಲಿಲ್ಲ. ಎರಡನೇ ಪ್ಲೇಟ್ ಹೇಳಿದೆವು. ಬೇಕಂತಲೇ ಒಂದನ್ನು ಆರಲು ಬಿಟ್ಟು ನೋಡಿದೆ. ಸ್ವಲ್ಪ ಹೊತ್ತಿಗೆ ಕುಗ್ಗಿ ರಬ್ಬರಿನಂತಾಗಿತ್ತು. ಮೈದಾದ ಗುಣವೇ ಅದು, ಅಡುಗೆಯವರು ಏನೂ ಮಾಡುವ ಹಾಗಿಲ್ಲ. ಬಿಸಿ ಇರುವಾಗ ತಿನ್ನುವ ಕೆಲಸ ನಮ್ಮದು.

ಮರುದಿನ ಬೆಳಿಗ್ಗೆ ಏಳೂವರೆಗೆ ಅಲ್ಲಿಗೇ ವಾಪಸ್. ಈಗ ಬನ್ಸ್. ರಾತ್ರಿ ಕಲಸಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಹದಕ್ಕೆ ಬಂದಿರುತ್ತದೆ. ಆಗ ಕರಿದರೆ ಪೂರಿಯಂತೆ ಉಬ್ಬುತ್ತದೆ, ಆದರೆ ಒಳಗೆ ಜಾಳುಜಾಳಾದ ಮೆತ್ತನೆ ತಿರುಳು. ಜೀರಿಗೆಯ ವಾಸನೆ ಮೊದಲು ಬಂತು, ಬಾಳೆಹಣ್ಣಿನ ರುಚಿ ಆಮೇಲೆ. ಹೆಂಡತಿ ಬಾಜಿಗಿಂತ ಚಟ್ನಿಯೇ ಸರಿ ಅಂತ ತೀರ್ಪು ಕೊಟ್ಟಳು. ನಮ್ಮಿಬ್ಬರಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ಸಾಂಬಾರು ನಮ್ಮ ಕಡೆಯ ನಾಲಿಗೆಗೆ ಸಿಹಿ ಜಾಸ್ತಿ. ಬೆಲ್ಲ ಹಾಕುವುದು ಅಲ್ಲಿನ ಪದ್ಧತಿ, ಅದನ್ನು ತಪ್ಪು ಅನ್ನಲಾರೆ. ಆದರೆ ಹುಬ್ಬಳ್ಳಿ ಧಾರವಾಡದಿಂದ ಹೋಗುವವರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಡಿಸೆಂಬರಿನಲ್ಲಿ ಹೋಗಿದ್ದಕ್ಕೆ ಇನ್ನೊಂದು ಲಾಭ ಆಯಿತು. ಅದು ಮಟ್ಟುಗುಳ್ಳದ ಕಾಲ. ಉಡುಪಿ ಹತ್ತಿರದ ಮಟ್ಟು ಎಂಬ ಊರಿನ ಹಸಿರು ಗುಂಡು ಬದನೆ ಇದು. 2011ರಲ್ಲಿ ಇದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ವಾದಿರಾಜ ಸ್ವಾಮಿಗಳು ಇದರ ಬೀಜ ಕೊಟ್ಟರು ಅನ್ನುವುದು ಅಲ್ಲಿನ ನಂಬಿಕೆ. ಒಂದು ಸಣ್ಣ ಊಟದ ಹೋಟೆಲಿನಲ್ಲಿ ಗುಳ್ಳದ ಹುಳಿ ಬಡಿಸಿದರು. ದಿನಾ ಎಣ್ಣೆಗಾಯಿ ತಿನ್ನುವ ನಾನು ಬದನೆಯ ವಿಷಯದಲ್ಲಿ ಸುಲಭಕ್ಕೆ ಒಪ್ಪುವವನಲ್ಲ. ಇದನ್ನು ಒಪ್ಪಿದೆ. ಸಿಪ್ಪೆ ತೆಳು, ಕಹಿ ಇಲ್ಲವೇ ಇಲ್ಲ, ತಿರುಳು ಹುಳಿಯನ್ನು ಚೆನ್ನಾಗಿ ಹೀರಿಕೊಂಡಿತ್ತು. ಮಳೆಗಾಲದಲ್ಲಿ ಹೋಗುವವರು ಗುಳ್ಳ ಬಿಟ್ಟು ಪತ್ರೊಡೆ ಕೇಳಿ. ಕೆಸುವಿನ ಎಲೆ ಆಗ ಎಳೆಯದಾಗಿರುತ್ತದೆ. ಜನವರಿಯಲ್ಲಿ ಹೋಗುವ ಆಲೋಚನೆ ಇದ್ದರೆ ಮೊದಲು ಪರ್ಯಾಯ ಉತ್ಸವ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬ, ಇದೆಯೇ ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಸುಮಾರಿಗೆ ಉಡುಪಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಗಡ್‌ಬಡ್ ಐಸ್‌ಕ್ರೀಮ್ ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಅಂತ ಊರಿನವರು ಹೇಳುತ್ತಾರೆ. ನಾವು ತಿಂದಿದ್ದು ಮಂಗಳೂರಿನ ಐಡಿಯಲ್‌ನಲ್ಲಿ. 1975ರಲ್ಲಿ ಶುರುವಾದ ಅಂಗಡಿ. ಉದ್ದನೆ ಗ್ಲಾಸಿನಲ್ಲಿ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ ಪದರ ಪದರವಾಗಿ. ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ಬರುವ ಹೊತ್ತಿನಲ್ಲಿ ಹೋಗಿ. ಮಂಗಳೂರಿನವರ ರಾತ್ರಿ ಹೇಗಿರುತ್ತದೆ ಅನ್ನುವುದನ್ನೂ ನೋಡಬಹುದು.

ಬೆಂಗಳೂರಿಗೆ ಮೀಟಿಂಗಿಗೆ ಹೋದಾಗಲೂ ನನ್ನ ಲೆಕ್ಕ ಇದೇ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಕೂರಲು ಕುರ್ಚಿ ಇಲ್ಲ, ಸಾಂಬಾರೂ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ ಇವಿಷ್ಟೇ. ಚಟ್ನಿ ಮಾತ್ರ ಕೇಳಿದಷ್ಟು. ಜನ ಜಾಸ್ತಿ ಇರುವ ಬೆಳಗಿನ ಹೊತ್ತಿಗೇ ಹೋಗಬೇಕು. ಚಟ್ನಿ ಖಾಲಿಯಾಗುತ್ತಾ, ಹೊಸದು ರುಬ್ಬಿ ಬರುತ್ತಾ ಇರುತ್ತದೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಹೋಟೆಲ್ 1943ರದ್ದು, ಶುಕ್ರವಾರ ರಜೆ. ಗುರುವಾರ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ನೇರ ಅಲ್ಲಿಗೆ ಹೊರಡುವ ಯೋಚನೆ ಇದ್ದರೆ, ಬಸವನಗುಡಿಯಲ್ಲಿ ಇಳಿದು ಶಂಕರಪುರದ ಕಡೆ ನಡೆಯಿರಿ. ದೂರ ಏನಿಲ್ಲ, ಇಡ್ಲಿ ಬಿಸಿ ಇರುತ್ತದೆ.