ಬಂಜಿಯೋ ರ್ಯಾಂಡೋ: ಮಳೆಗಾಲದ ಕಡಿದಾದ ಹಳ್ಳಕ್ಕೆ ಯಾವ ಸ್ಪ್ರೇ ಸ್ಕರ್ಟ್?

ಕಯಾಕ್ ದೋಣಿಯಲ್ಲಿ ಕೂರುವ ಬಾಯಿಗೆ, ಅಂದರೆ ಕಾಕ್‌ಪಿಟ್ಟಿಗೆ, ನೀರು ನುಗ್ಗದಂತೆ ಸೊಂಟಕ್ಕೆ ತೊಡುವ ಹೊದಿಕೆಯೇ ಸ್ಪ್ರೇ ಸ್ಕರ್ಟ್; ಅದರಲ್ಲಿ ಬಂಜಿ, ರ್ಯಾಂಡ್ ಎಂದು ಎರಡು ಬಗೆ. ರ್ಯಾಂಡ್ ಸ್ಕರ್ಟಿಗೆ ದುಡ್ಡು ಸುರಿದು, ಕೊನೆಗೆ ಬಂಜಿಗೇ ಮರಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ದಾವಣಗೆರೆಯಿಂದ ಕಾರಿನ ಮೇಲೆ ಕಯಾಕ್ ಬಿಗಿದುಕೊಂಡು ಜುಲೈ, ಆಗಸ್ಟಿನಲ್ಲಿ ಘಟ್ಟದ ಹಳ್ಳಗಳಿಗೆ ಹೋಗುವವರಿಗೆ ನನ್ನ ಮತ ಬಂಜಿಗೆ. ಅದರಲ್ಲೂ ದಪ್ಪ ಹುರಿಯ, ಒಳಮೈಯಲ್ಲಿ ಅಡ್ಡಪಟ್ಟಿ ಇರುವ ಬಂಜಿಗೆ.

ಎರಡೂ ನಿಯೋಪ್ರೀನ್ ಎಂಬ ರಬ್ಬರ್ ಬಟ್ಟೆಯವು, ಎರಡನ್ನೂ ಸೊಂಟಕ್ಕೆ ತೊಟ್ಟು ಕಾಕ್‌ಪಿಟ್ಟಿನ ಬಾಯಿ ಮುಚ್ಚಬೇಕು. ವ್ಯತ್ಯಾಸ ಇರುವುದು ಅಂಚಿನಲ್ಲಿ. ಬಂಜಿಯ ಅಂಚಿನೊಳಗೆ ಸಾಮಾನ್ಯವಾಗಿ 8ರಿಂದ 10 ಮಿಲಿಮೀಟರ್ ದಪ್ಪದ ಎಲಾಸ್ಟಿಕ್ ಹುರಿ ಇರುತ್ತದೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಹೊದಿಸಿ ದಾರ ಬಿಗಿದಂತೆ. ರ್ಯಾಂಡಿನಲ್ಲಿ ಹುರಿಯ ಬದಲು ಅಚ್ಚು ಹೊಯ್ದ ಗಟ್ಟಿ ರಬ್ಬರಿನ ಏಣು. ಅದು ಕಾಕ್‌ಪಿಟ್ ಅಂಚಿನ ಕೆಳಗೆ ಹೋಗಿ ಕುಕ್ಕರ್ ಗ್ಯಾಸ್ಕೆಟ್ಟಿನಂತೆ ಕಚ್ಚಿಕೊಳ್ಳುತ್ತದೆ. ದೋಣಿಯೊಳಗೆ ನೀರು ಬಾರದಂತೆ ತಡೆಯುವುದರಲ್ಲಿ ರ್ಯಾಂಡ್ ಮೇಲು, ಎರಡು ಮಾತಿಲ್ಲ.

ತೊಡಕು ಇರುವುದು ಹಾಕಿಕೊಳ್ಳುವುದರಲ್ಲಿ. ಕೊಡಗಿನ ಬರಪೊಳೆಯಾಗಲಿ, ಕೇರಳದ ಕೋಡಂಚೇರಿ ಕಡೆಯ ಚಾಲಿಪುಳ, ಇರುವಂಜಿಪುಳಗಳಾಗಲಿ, ಮಳೆ ನಂಬಿದ ಹೊಳೆಗಳು. ರಾತ್ರಿ ಸುರಿದ ಮಳೆಗೆ ಬೆಳಗ್ಗೆ ಮಟ್ಟ ಏರಿರುತ್ತದೆ, ಮಧ್ಯಾಹ್ನಕ್ಕೆ ಇಳಿದಿರುತ್ತದೆ. ನಿನ್ನೆ ಖಾಲಿ ಇದ್ದ ಅಬ್ಬಿಯ ಬುಡದಲ್ಲಿ ಇವತ್ತು ಮರ ಬಿದ್ದು ಅಡ್ಡ ಸಿಕ್ಕಿಕೊಂಡಿರಬಹುದು. ಆದ್ದರಿಂದ ಕಣ್ಣಿಗೆ ಬೀಳದ ಪ್ರತಿ ಇಳಿತಕ್ಕೂ ದಡ ಹತ್ತಿ ನೋಡಿಯೇ ಮುಂದಿನ ಹೆಜ್ಜೆ. ಹೀಗೆ ಒಂದೇ ದಿನದಲ್ಲಿ 15-20 ಸಲ ಸ್ಕರ್ಟ್ ಬಿಚ್ಚಿ ಹಾಕಬೇಕಾಗುತ್ತದೆ.

ಅದೂ ಎಲ್ಲಿ? ಬಂಡೆಯ ಮರೆಯಲ್ಲಿ, ಒಂದು ದೋಣಿಯಷ್ಟೇ ಉದ್ದದ ತಿರುಗುನೀರಿನಲ್ಲಿ. ಮೊದಲು ಹಿಂದಕ್ಕೆ ವಾಲಿ ಬೆನ್ನ ಹಿಂದಿನ ಅಂಚನ್ನು ಸಿಕ್ಕಿಸಬೇಕು. ಅದು ಜಾರದಂತೆ ಎರಡೂ ಬದಿಯನ್ನು ಮೊಣಕೈಯಿಂದ ಒತ್ತಿ ಹಿಡಿದು, ಮುಂದಕ್ಕೆ ಬಾಗಿ ಸ್ಕರ್ಟಿನ ಮುಂಭಾಗವನ್ನು ಎಳೆದು ಸಿಕ್ಕಿಸಬೇಕು. ಕೊನೆಗೆ ಬದಿಗಳು. ರ್ಯಾಂಡಿನಲ್ಲಿ ಮುಂಭಾಗ ಎಳೆಯುವ ಹೊತ್ತಿಗೆ ಹಿಂಭಾಗ ಟಪ್ ಎಂದು ಕಿತ್ತು ಬರುತ್ತದೆ. ಕಾರಣ ಸರಳ: ಮುಂದೆ ಎಳೆದ ಬಿಗಿ ಅಂಚಿನ ಸುತ್ತ ಹರಿದು ಹಿಂದಿನ ತಿರುವನ್ನು ಮೇಲೆತ್ತುತ್ತದೆ, ಗಟ್ಟಿ ಏಣು ಆ ತಿರುವಿಗೆ ಬಾಗಿ ಕೂರುವುದಿಲ್ಲ. ನಾಲ್ಕು ಕಾಳು ಮರಳು ಸಿಕ್ಕಿದರಂತೂ ಮುಗಿಯಿತು. ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಪ್ಯಾಡಲ್ ಕೈಯಲ್ಲಿಲ್ಲ, ದೋಣಿಯ ಮೂಗು ಮೆಲ್ಲಗೆ ಹರಿವಿನ ಕಡೆ ತಿರುಗುತ್ತಿದೆ, ಕೆಳಗೆ ಅಬ್ಬಿಯ ಸದ್ದು. ಅರ್ಧ ಸಿಕ್ಕಿದ ಸ್ಕರ್ಟಿನಲ್ಲಿ ಅಬ್ಬಿಯ ಅಂಚು ದಾಟುವುದಕ್ಕಿಂತ ದೊಡ್ಡ ಅಪಾಯ ಈ ಆಟದಲ್ಲಿ ಕಡಿಮೆ.

ಉಪಾಯಗಳಿವೆ. ಹೊಸ ಸ್ಕರ್ಟನ್ನು ಒದ್ದೆ ಮಾಡಿ ಒಂದು ರಾತ್ರಿ ಕಾಕ್‌ಪಿಟ್ಟಿಗೆ ಬಿಗಿದಿಟ್ಟರೆ ಸ್ವಲ್ಪ ಹಿಗ್ಗುತ್ತದೆ. ಹಾಕುವ ಮುನ್ನ ಅಂಚನ್ನು ನೀರಲ್ಲಿ ಅದ್ದಬೇಕು, ಬೆರಳಾಡಿಸಿ ಮರಳು ತೆಗೆಯಬೇಕು. ಜೊತೆಗಾರರು ಬೆನ್ನ ಹಿಂದೆ ಅಂಗೈ ಒತ್ತಿ ಹಿಡಿದರೆ ಒಂದೇ ಸಲಕ್ಕೆ ಕೂರುತ್ತದೆ. ಆದರೆ ಆ ತಿರುಗುನೀರಿನಲ್ಲಿ ಎರಡನೆಯ ದೋಣಿಗೆ ಜಾಗವೇ ಇರುವುದಿಲ್ಲ. ಬಂಜಿಯ ಹುರಿ ಯಾವ ತಿರುವಿಗೂ ಬಾಗುತ್ತದೆ, ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ರ್ಯಾಂಡ್ ಗೆಲ್ಲುವುದು ಎತ್ತರದ ಅಬ್ಬಿಯಲ್ಲಿ. ಮೂಗು ಕೆಳಗಾಗಿ ಮಡುವಿಗೆ ನುಗ್ಗಿದಾಗ, ಅಥವಾ ಬೀಳುವ ನೀರಿನ ಅಡಿಗೇ ದೋಣಿ ಸಿಕ್ಕಿದಾಗ, ಭಾರವೆಲ್ಲ ತೊಡೆಯ ಮೇಲಿನ ಆ ರಬ್ಬರ್ ಬಟ್ಟೆಯ ಮೇಲೆ. ಬಟ್ಟೆ ಒಳಕ್ಕೆ ಕುಸಿದು ಅಂಚನ್ನೂ ಎಳೆದುಕೊಂಡರೆ ದೋಣಿ ತುಂಬುತ್ತದೆ. 100 ಲೀಟರ್ ನೀರು ಅಂದರೆ 100 ಕಿಲೋ. ಆಮೇಲೆ ಮಗುಚಿದ ದೋಣಿಯನ್ನು ಮತ್ತೆ ನೆಟ್ಟಗೆ ತಿರುಗಿಸುವುದು ಬಲವಾದ ತೋಳಿಗೂ ಕಷ್ಟ. ಬಂಜಿಯ ಒಳಮೈಯ ಅಡ್ಡಪಟ್ಟಿ ಈ ಭಾರವನ್ನು ಎರಡೂ ಬದಿಗೆ ಹಂಚುತ್ತದೆ. ಅಬ್ಬಿಯ ಅಂಚಿನಲ್ಲಿ ಕೊನೆಯ ಹುಟ್ಟು ಬಲವಾಗಿ ಎಳೆದು, ಮೂಗೆತ್ತಿ ಚಪ್ಪಟೆಯಾಗಿ ಇಳಿಯುವ 3-4 ಮೀಟರಿನ ಅಬ್ಬಿಗಳಲ್ಲಿ 10 ಮಿಲಿಮೀಟರ್ ಹುರಿ ಜಗ್ಗಿಲ್ಲ. ಅದಕ್ಕಿಂತ ಎತ್ತರದವು ನನ್ನ ಪಟ್ಟಿಯಲ್ಲಿಲ್ಲ. ಇಳಿಯುವವರು ರ್ಯಾಂಡನ್ನೇ ತೆಗೆದುಕೊಳ್ಳಲಿ.

ದೋಣಿ ಮಗುಚಿದಾಗ ಹೊರಬರಲು ಬಿಚ್ಚುವುದರಲ್ಲೂ ಬಂಜಿ ಹಗುರ. ಮುಂದಿನ ಹಿಡಿಪಟ್ಟಿಯನ್ನು ಮೊದಲು ಮುಂದಕ್ಕೆ, ಆಮೇಲೆ ಮೇಲಕ್ಕೆ ಎಳೆಯಬೇಕು. ನೇರ ಹೊಟ್ಟೆಯ ಕಡೆ ಎಳೆದರೆ ಯಾವುದೂ ಬಿಡುವುದಿಲ್ಲ. ರ್ಯಾಂಡಿಗೆ ಇನ್ನಷ್ಟು ಜೋರು ಬೇಕು. ಯಾವುದೇ ಕೊಂಡರೂ ಕೊಂಡಜ್ಜಿ ಕೆರೆಯಂಥ ನಿಂತ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ತಲೆಕೆಳಗಾಗಿ ಎರಡೂ ಕೈಯಲ್ಲಿ ಹತ್ತತ್ತು ಸಲ ಬಿಚ್ಚಿ ನೋಡಿ. ಒಂದು ಸಲ ತಪ್ಪಿದರೂ ಹಳ್ಳಕ್ಕೆ ತರಬೇಡಿ. ಹಿಡಿಪಟ್ಟಿ ಒಳಗೆ ಮಡಚಿ ಹೋಗಿಲ್ಲ ಎಂದು ಪ್ರತಿ ಸಲವೂ ಕೈಯಿಂದ ಮುಟ್ಟಿ ಖಚಿತ ಮಾಡಿಕೊಳ್ಳಿ.

ಬೆಲೆ: ರ್ಯಾಂಡ್ ದುಬಾರಿ. ಅಳತೆ: ದೋಣಿಯ ಕಾಕ್‌ಪಿಟ್ಟಿಗೂ ಸೊಂಟಕ್ಕೂ ಬೇರೆ ಬೇರೆ ನೋಡಬೇಕು.

ಬಾಳಿಕೆಯಲ್ಲಿ ನಮ್ಮೂರಿನ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಳಕೆ ಮಳೆಗಾಲದ ಮೂರು-ನಾಲ್ಕು ತಿಂಗಳು, ಉಳಿದದ್ದೆಲ್ಲ ಮನೆಯಲ್ಲಿ. ತಾರಸಿಯಲ್ಲಿ ದೋಣಿಗೆ ಬಿಗಿದೇ ಬಿಟ್ಟರೆ ಅಥವಾ ಏಪ್ರಿಲ್, ಮೇನಲ್ಲಿ ಕಾರಿನ ಡಿಕ್ಕಿಯಲ್ಲಿ ಮರೆತರೆ ರ್ಯಾಂಡಿನ ಏಣು ಹಳೆಯ ಗ್ಯಾಸ್ಕೆಟ್ಟಿನಂತೆ ಪೆಡಸಾಗುತ್ತದೆ, ಆಮೇಲೆ ಹಿಂಭಾಗ ಕೂರುವುದು ಇನ್ನೂ ಕಷ್ಟ. ಬಂಜಿಯ ಹುರಿಯೂ ಸಡಿಲಾಗುತ್ತದೆ, ಆದರೆ ಎಳೆದು ಬಿಟ್ಟಾಗಲೇ ಗೊತ್ತಾಗುತ್ತದೆ. ಸಿಹಿನೀರಿನಲ್ಲಿ ತೊಳೆದು, ಮಡಚದೆ, ಸೊಂಟದ ಭಾಗದಿಂದ ನೆರಳಲ್ಲಿ ತೂಗುಹಾಕಿ. ಅಂಚಿನ ಬಟ್ಟೆ ಸವೆದು ಸಣ್ಣದಾಗಿ ಬಾಯಿಬಿಟ್ಟರೆ ಚಪ್ಪಲಿ ರಿಪೇರಿಯವರು ಬಳಸುವ ಸಿಂಥೆಟಿಕ್ ರಬ್ಬರ್ ಅಂಟು ಸಾಕು: ಎರಡೂ ಮುಖಕ್ಕೆ ತೆಳ್ಳಗೆ ಸವರಿ, ಹತ್ತು ನಿಮಿಷ ಆರಲು ಬಿಟ್ಟು, ಒತ್ತಿ ಕೂಡಿಸಿ, ಒಂದು ದಿನ ನೀರಿಗೆ ಹಾಕಬೇಡಿ. ಹುರಿಯೇ ಹೊರಗೆ ಇಣುಕಿದರೆ ಅಂಟಿನ ಕೆಲಸವಲ್ಲ, ಸ್ಕರ್ಟ್ ಬದಲಿಸಿ.