ತೆರೆದ ಆಪರೇಷನ್ನೋ, ಲ್ಯಾಪರೊಸ್ಕೋಪಿಯೋ: ಹೊಟ್ಟೆಯೊಳಗಿನ ಅಂಟಿನ ಬಗ್ಗೆಯೂ ಯೋಚಿಸಿ

ಹೊಟ್ಟೆ ಆಪರೇಷನ್ ಅಂದರೆ ಹೊರಗಿನ ಹೊಲಿಗೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಳಗಿನ ಕಲೆಯ ಬಗ್ಗೆಯೂ ಕೇಳಬೇಕು ಅಲ್ವಾ? ಅಂಗಗಳ ಮೇಲಿನ ತೆಳು ಪೊರೆಗೆ ಗಾಯವಾದರೆ ಅಲ್ಲಿ ಫೈಬ್ರಿನ್ ಎಂಬ ಜಿಗುಟು ಪದಾರ್ಥ ಕೂರುತ್ತದೆ. ಕೆಲವೇ ದಿನಗಳಲ್ಲಿ ಕರಗಿದರೆ ಸರಿ. ಇಲ್ಲದಿದ್ದರೆ ಅದೇ ಗಟ್ಟಿ ನಾರಾಗಿ ಕರುಳನ್ನು ಪಕ್ಕದ ಅಂಗಕ್ಕೆ ಕಟ್ಟಿಹಾಕಬಹುದು. ಹೊಟ್ಟೆಯೊಳಗಿನ ಅಂಟು ಅಂದರೆ ಇದೇ.

ತೆರೆದ ಆಪರೇಷನ್‌ನಲ್ಲಿ ಗಾಯ ಉದ್ದ. ಕೈ, ಬಟ್ಟೆ ಕರುಳಿಗೆ ತಾಗುತ್ತವೆ, ಗಾಳಿಗೆ ಪೊರೆ ಒಣಗುತ್ತದೆ. ಗ್ಲೌಸಿನ ಪುಡಿಯೂ ಅಂಟು ಬೆಳೆಸುತ್ತದೆ. ಅಮೆರಿಕ 2017ರಲ್ಲಿ ಪುಡಿ ಗ್ಲೌಸನ್ನೇ ನಿಷೇಧಿಸಿತು.

ಲ್ಯಾಪರೊಸ್ಕೋಪಿಯಲ್ಲಿ ಸಣ್ಣ ತೂತುಗಳಿಂದಲೇ ಕ್ಯಾಮೆರಾ, ಉಪಕರಣ ಹಾಕುತ್ತಾರೆ, ಮುಟ್ಟುವುದು ಕಡಿಮೆ. ಆದರೆ ಹೊಟ್ಟೆಗೆ ತುಂಬುವ ಒಣ ಗ್ಯಾಸ್‌ನಿಂದಲೂ ಪೊರೆ ಒಣಗುತ್ತದೆ. ಅಂಟು ಆಗುವುದೇ ಇಲ್ಲ ಅಂತೇನಿಲ್ಲ. ಸ್ಕಾಟ್ಲೆಂಡಿನ ಸುಮಾರು 72,000 ರೋಗಿಗಳ ಅಧ್ಯಯನ 2020ರಲ್ಲಿ ಬಂತು. ಅಂಟಿನಿಂದಲೇ ಮತ್ತೆ ಆಸ್ಪತ್ರೆ ಸೇರಿದವರು ತೆರೆದ ಆಪರೇಷನ್ ಆದವರಲ್ಲಿ 4.3%, ಲ್ಯಾಪರೊಸ್ಕೋಪಿ ಆದವರಲ್ಲಿ 1.7%. ಸುಲಭದ ಕೇಸುಗಳೇ ಲ್ಯಾಪರೊಸ್ಕೋಪಿಗೆ ಜಾಸ್ತಿ ಹೋಗುತ್ತವೆ, ಅದನ್ನೂ ಮರೆಯಬೇಡಿ.

ಎರಡೂ ಸಾಧ್ಯವಿದ್ದರೆ ನನ್ನ ಒಲವು ಲ್ಯಾಪರೊಸ್ಕೋಪಿಗೆ. ಜೋರು ರಕ್ತಸ್ರಾವವೋ, ತುಂಬಾ ದೊಡ್ಡ ಗಡ್ಡೆಯೋ ಇದ್ದು ಸರ್ಜನ್ ತೆರೆಯಬೇಕೆಂದರೆ ಸುಮ್ನೆ ಹಟ ಮಾಡಬೇಡಿ. ಅಂಗಗಳ ನಡುವೆ ಇಡುವ, ತಾನಾಗಿ ಕರಗುವ ತಡೆ ಹಾಳೆಗಳಿವೆ, ಅಂಟು ತಡೆಯಲು ಹೊಟ್ಟೆಯೊಳಗೆ ಬಿಡುವ ಐಕೋಡೆಕ್ಸ್‌ಟ್ರಿನ್ ದ್ರವವೂ ಇದೆ. ನಿಮಗೆ ಹೊಂದುತ್ತವೆಯೇ ಕೇಳಿ. ಹಿಂದೆ ಆದ ಆಪರೇಷನ್‌ಗಳನ್ನೆಲ್ಲ ಹೇಳಿ, ಸಿಸೇರಿಯನ್ನೂ ಸೇರಿ.

ವರ್ಷಗಳ ನಂತರವೂ ಹೊಟ್ಟೆ ಹಿಂಡುವ ನೋವು, ಉಬ್ಬರ, ವಾಂತಿ ಶುರುವಾಗಿ ಗ್ಯಾಸ್, ಮಲ ನಿಂತರೆ ಕರುಳು ಕಟ್ಟಿರಬಹುದು. ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ.