ಎಕ್ಸ್-ಏರ್: ನಿಧಾನದ ವಿಮಾನದಲ್ಲಿ ದೂರ ಹೋಗಬಯಸುವವರಿಗೆ

ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ವಿಮಾನಗಳು ಕಿಟ್ ರೂಪದಲ್ಲಿ ಬ್ರಿಟನ್ನಿಗೆ ಬಂದು, ಇಲ್ಲಿನ ಶೆಡ್ಡುಗಳಲ್ಲಿ ಜೋಡಣೆಯಾಗಿ, ಇಂದಿಗೂ ಹಾರುತ್ತಿವೆ. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಅದರ ಮೇಲೆ ಹಾಯಿಬಟ್ಟೆ, ಅಕ್ಕಪಕ್ಕದಲ್ಲಿ ಎರಡು ಆಸನ, ಮೂಗಿನ ಮೇಲೆ ಎಂಜಿನ್. ನನ್ನದರಲ್ಲಿ ಇರುವುದು 64 ಅಶ್ವಶಕ್ತಿಯ ರೋಟಾಕ್ಸ್ 582. ಹಲವು ವರ್ಷಗಳಿಂದ ಹ್ಯಾಂಪ್‌ಶೈರಿನ ಪಾಫಮ್ ಏರ್‌ಫೀಲ್ಡಿನಿಂದ ಇದನ್ನು ಹಾರಿಸುತ್ತಿದ್ದೇನೆ. ನಮ್ಮೂರಲ್ಲಿ ಹುಟ್ಟಿದ ವಿಮಾನ ಎಂಬ ಅಭಿಮಾನ ನನಗೆ ಧಾರಾಳವಾಗಿ ಇದೆ. ಆದರೆ ಈ ವಿಮರ್ಶೆ ಬರೆಯಲು ಅದು ಕಾರಣವಲ್ಲ. ಊರಿನ ಸುತ್ತ ಅರ್ಧ ಗಂಟೆ ಸುತ್ತಾಡಲು ಇದು ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಆಗುತ್ತದೆಯೇ ಎಂದು ಕೇಳಿದರೆ ಬಹಳ ಜನ ಇಲ್ಲವೆಂದು ತಲೆಯಾಡಿಸುತ್ತಾರೆ. ಆಗುತ್ತದೆ. ಆದರೆ ಯೋಜನೆ ಹಾಕುವ ಕ್ರಮವೇ ಬೇರೆ.

ನನ್ನ ವಿಮಾನದ ಸಹಜ ವೇಗ 55 ನಾಟ್, ಅಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್. ಕಾರಿಗೆ ಹೋಲಿಸಿದರೆ ಇದು ಕಡಿಮೆಯೇನಲ್ಲ ಎನ್ನಿಸಬಹುದು. ಆದರೆ ಕಾರು ನೆಲವನ್ನು ಕಚ್ಚಿಕೊಂಡು ಓಡುತ್ತದೆ. ನಾವು ತುಂಗಭದ್ರೆಯ ಹರಿಗೋಲಿನಂತೆ, ನಮ್ಮನ್ನು ಹೊತ್ತಿರುವುದೇ ಹರಿಯುತ್ತಿರುತ್ತದೆ. 20 ನಾಟ್ ಎದುರುಗಾಳಿ ಬೀಸಿದರೆ 110 ನಾಟಿನ ಸೆಸ್ನಾದಂಥ ಸಾಮಾನ್ಯ ಸಣ್ಣ ವಿಮಾನ ತನ್ನ ವೇಗದ ಐದರಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತದೆ, ಅಷ್ಟೇ. ನಾನು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡು 35 ನಾಟಿಗೆ ಇಳಿಯುತ್ತೇನೆ. ಅದೇ ಗಾಳಿ ಅಡ್ಡಲಾಗಿ ಬಂದರೆ, ದಾರಿ ತಪ್ಪದಿರಲು ಸೆಸ್ನಾ ಮೂಗನ್ನು ಸುಮಾರು 10 ಡಿಗ್ರಿ ತಿರುಗಿಸಬೇಕು, ನಾನು 21 ಡಿಗ್ರಿ. ಹೋಗಬೇಕಾದ ಊರು ಪಕ್ಕದ ಕಿಟಕಿಯ ಕಡೆ ಕಾಣಿಸುತ್ತಿರುತ್ತದೆ. ಮೊದಮೊದಲು ಇದು ಯಾರಿಗಾದರೂ ಗಲಿಬಿಲಿ ಹುಟ್ಟಿಸುತ್ತದೆ.

ಹೋಗುವಾಗ ಎದುರಾದ ಗಾಳಿ ಬರುವಾಗ ಹಿಂದಿನಿಂದ ನೂಕುತ್ತದೆ, ಒಟ್ಟಿನಲ್ಲಿ ಸರಿಹೋಗುತ್ತದೆ ಎಂಬ ಲೆಕ್ಕವೂ ನಿಲ್ಲುವುದಿಲ್ಲ. 120 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಸುಮಾರು 1.85 ಕಿಲೋಮೀಟರ್; ಮುಂದೆ ಮೈಲಿ ಎಂದಾಗಲೆಲ್ಲ ಇದೇ) ದೂರದ ಊರಿಗೆ ಗಾಳಿಯಿಲ್ಲದ ದಿನ ಹೋಗಿ ಬರಲು ನನಗೆ 4 ಗಂಟೆ 22 ನಿಮಿಷ ಸಾಕು. 20 ನಾಟ್ ಗಾಳಿಯಿದ್ದರೆ ಎದುರು ದಿಕ್ಕಿಗೆ 3 ಗಂಟೆ 26 ನಿಮಿಷ, ಮರಳಿ ಬರಲು 1 ಗಂಟೆ 36 ನಿಮಿಷ; ಒಟ್ಟು 5 ಗಂಟೆ ದಾಟುತ್ತದೆ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವಾದ್ದರಿಂದ ಗಾಳಿ ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು.

ಹಾಗಾಗಿ ಈ ವಿಮಾನ ಎಷ್ಟು ದೂರ ಹೋಗುತ್ತದೆ ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿಲ್ಲ. ನನ್ನ ಟ್ಯಾಂಕುಗಳಲ್ಲಿ ಬಳಸಲು ಸಿಗುವುದು 50 ಲೀಟರ್, ಎಂಜಿನ್ ಕುಡಿಯುವುದು ಗಂಟೆಗೆ 16 ಲೀಟರ್. 45 ನಿಮಿಷಕ್ಕೆ ಬೇಕಾದ 12 ಲೀಟರನ್ನು ತುರ್ತಿಗೆಂದು ಮುಟ್ಟದೆ ಇಟ್ಟರೆ ಉಳಿದದ್ದರಲ್ಲಿ 2 ಗಂಟೆ 20 ನಿಮಿಷ ಹಾರಬಹುದು. ಗಾಳಿಯಿಲ್ಲದ ದಿನ ಅದರಲ್ಲಿ 120 ಮೈಲಿಯೂ ಮುಗಿಯುತ್ತದೆ. 20 ನಾಟ್ ಎದುರುಗಾಳಿಯಲ್ಲಿ 80 ಮೈಲಿ ಮುಟ್ಟಿದರೆ ಅದೇ ದೊಡ್ಡದು. ಆದ್ದರಿಂದ ನಕ್ಷೆಯ ಮೇಲೆ ಗೆರೆ ಎಳೆಯುವಾಗಲೇ ಯಾವ ಹಂತವೂ 80 ಮೈಲಿ ಮೀರದಂತೆ ನೋಡಿಕೊಳ್ಳುತ್ತೇನೆ. ಹಿಂಗಾಳಿ ಸಿಕ್ಕ ದಿನ ಒಂದು ನಿಲ್ದಾಣ ಬಿಟ್ಟು ಮುಂದೆ ಹೋಗುವ ಸ್ವಾತಂತ್ರ್ಯ ಇದ್ದೇ ಇರುತ್ತದೆ.

ಪಾಫಮ್‌ನಿಂದ ಸ್ಕಾಟ್ಲೆಂಡಿನ ಉತ್ತರ ತುದಿಯ ವಿಕ್‌ವರೆಗಿನ ದಾರಿಯನ್ನೇ ನೋಡಿ. ಗ್ಲಾಸ್ಟರ್, ಶ್ರಾಪ್‌ಶೈರಿನ ಸ್ಲೀಪ್, ಬ್ಲ್ಯಾಕ್‌ಪೂಲ್, ಕಂಬ್ರಿಯಾದ ಕರ್ಕ್‌ಬ್ರೈಡ್, ಗ್ಲಾಸ್ಗೋದ ದಕ್ಷಿಣಕ್ಕಿರುವ ಸ್ಟ್ರೇವನ್, ಪರ್ತ್, ಇನ್ವರ್ನೆಸ್, ಕೊನೆಗೆ ವಿಕ್. ಒಟ್ಟು ಸುಮಾರು 480 ನಾಟಿಕಲ್ ಮೈಲಿ. ಅತಿ ಉದ್ದದ ಹಂತ ಪರ್ತ್‌ನಿಂದ ಇನ್ವರ್ನೆಸ್, ನೇರ ಗೆರೆಯಲ್ಲಿ 70. ಆದರೆ ಈ ವಿಮಾನಕ್ಕೆ ಅಲ್ಲಿ ನೇರ ಗೆರೆ ಇಲ್ಲ. ಕೇರ್ನ್‌ಗಾರ್ಮ್ ಬೆಟ್ಟಗಳು 4,000 ಅಡಿ ದಾಟುತ್ತವೆ. ಅವುಗಳ ಮರೆಯಲ್ಲಿ ಕೆಳಮುಖವಾಗಿ ಸುರಿಯುವ ಗಾಳಿಯನ್ನು ಹತ್ತಿ ಗೆಲ್ಲುವಷ್ಟು ಶಕ್ತಿ ಇಬ್ಬರು ಕುಳಿತ ಎಕ್ಸ್-ಏರ್‌ಗೆ ಇರುವುದಿಲ್ಲ. ರೈಲು ಮತ್ತು ಎ9 ಹೆದ್ದಾರಿ ಎರಡೂ ಹಿಡಿದಿರುವ ಡ್ರಮಾಕ್ಟರ್ ಕಣಿವೆಯ ದಾರಿಯೇ ನನಗೂ ಸರಿ. ಅಲ್ಲಿ ನೆಲ ಸುಮಾರು 1,500 ಅಡಿಗೆ ಏರಿ ಮತ್ತೆ ಇಳಿಯುತ್ತದೆ. ಬೆಟ್ಟದ ಮೇಲಿನ ಗಾಳಿ 15 ನಾಟ್ ಮೀರುವ ಮುನ್ಸೂಚನೆ ಇದ್ದರೆ ಪರ್ತ್‌ನಲ್ಲೇ ಉಳಿಯುತ್ತೇನೆ. ವಾರದ ದಿನಗಳಲ್ಲಿ ಈ ಕಣಿವೆಗಳಲ್ಲಿ ವಾಯುಪಡೆಯ ಜೆಟ್‌ಗಳು ತಗ್ಗಿನಲ್ಲಿ ಹಾರುವ ಅಭ್ಯಾಸ ಮಾಡುವುದರಿಂದ ಈ ಹಂತವನ್ನು ಶನಿವಾರ ಅಥವಾ ಭಾನುವಾರಕ್ಕೆ ಬರುವಂತೆ ಹೊಂದಿಸುತ್ತೇನೆ. ಇನ್ವರ್ನೆಸ್ ನಂತರ ಕೊಲ್ಲಿಯನ್ನು ಅಡ್ಡಹಾಯುವ ಆಸೆ ಬೇಡ. ಒಂದೇ ಎಂಜಿನ್, ಅದೂ ಟೂ-ಸ್ಟ್ರೋಕ್. ನಿಂತರೆ ಇಳಿಯಲು ಗದ್ದೆ ಕಾಣುತ್ತಿರಬೇಕು. ಕರಾವಳಿ ಹಿಡಿದು ಹೋದರೆ ಹೆಚ್ಚಾಗುವ ಮೈಲಿಗಳು ಕೆಲವೇ. ಡಾರ್ನಕ್ ಬಳಿ ಟೇನ್ ಬಾಂಬ್ ಅಭ್ಯಾಸದ ವಲಯವಿದೆ, ಅದು ಅಂದು ಸಕ್ರಿಯವೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಬ್ರಿಟನ್ನಿನಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ಉತ್ತರಕ್ಕೆ ಹೋಗುವುದು ಸುಲಭ, ಹಿಂದಿರುಗುವುದೇ ಕಷ್ಟ. ಈ ವಿಮಾನದ ಹೊಸ ಮಾಲೀಕರಿಗೆ ನಾನು ಹೇಳುವುದು ಇದನ್ನೇ: ಮೊದಲು ವಾಪಸಾತಿಯ ಯೋಜನೆ ಹಾಕಿ. 15 ನಾಟ್ ಹಿಂಗಾಳಿಯಲ್ಲಿ ಏಳು ಗಂಟೆಯೊಳಗೆ ಮುಗಿದ ದಾರಿಯೇ ಅದೇ ಗಾಳಿಗೆ ಎದುರಾಗಿ ಬರುವಾಗ ಹನ್ನೆರಡು ಗಂಟೆ ಬೇಡುತ್ತದೆ. ಇಂತಿಷ್ಟನೇ ತಾರೀಖಿಗೆ ಕಚೇರಿಯಲ್ಲಿ ಇರಲೇಬೇಕು ಎಂಬವರು ವಿಮಾನವನ್ನು ಅಲ್ಲೇ ಕಟ್ಟಿಹಾಕಿ ರೈಲು ಹತ್ತುವ ಏರ್ಪಾಡನ್ನೂ ಮಾಡಿಕೊಂಡಿರಬೇಕು. ನನ್ನ ಸಾಮಾನಿನಲ್ಲಿ ನೆಲಕ್ಕೆ ತಿರುಗಿಸಿ ಇಳಿಸುವ ಗೂಟಗಳು ಮತ್ತು ಹಗ್ಗ ಯಾವಾಗಲೂ ಇರುತ್ತವೆ. ಬೆಳಕಿನ ವಿಷಯದಲ್ಲಿ ಮಾತ್ರ ಉತ್ತರ ಬಹಳ ಉದಾರಿ: ಮೈಕ್ರೋಲೈಟ್ ಎನ್ನುವ ಇಂಥ ಅತಿ ಹಗುರ ವಿಮಾನಗಳಿಗೆ ಹಗಲಲ್ಲಿ ಮಾತ್ರ ಹಾರಲು ಅನುಮತಿ, ಆದರೆ ಜೂನ್‌ನಲ್ಲಿ ವಿಕ್‌ನ ಹಗಲು ಸುಮಾರು 18 ಗಂಟೆ. ಬೆಳಗಿನ ಜಾವ ಒಂದು ಹಂತ, ನೆಲ ಕಾದು ಗಾಳಿ ಕುಲುಕಾಡುವ ಮಧ್ಯಾಹ್ನ ವಿಶ್ರಾಂತಿ, ಸಂಜೆ ಮತ್ತೊಂದು ಹಂತ. ಹಗುರ ವಿಮಾನಕ್ಕೂ ದೇಹಕ್ಕೂ ಇದೇ ಹಿತ.

ಯೋಜನೆಗೆ ಸ್ಕೈಡೀಮನ್ ಎಂಬ ತಂತ್ರಾಂಶ ಬಳಸುತ್ತೇನೆ. ನಿಯಂತ್ರಿತ ವಾಯುಪ್ರದೇಶ, ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಎಚ್ಚರಿಕೆಯ ಸೂಚನೆ), ಪ್ರತಿ ಹಂತದ ಗಾಳಿ ಮತ್ತು ಇಂಧನ ಎಲ್ಲವನ್ನೂ ಅದು ಒಂದೇ ಪರದೆಯಲ್ಲಿ ತೋರಿಸುತ್ತದೆ. ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್ ನಡುವೆ ತಗ್ಗಿನಲ್ಲಿ ಹಾರಿಹೋಗಬೇಕಾದ ಇಕ್ಕಟ್ಟಿನ ದಾರಿಯಲ್ಲಿ ನನಗೆ ಅದರಷ್ಟು ನೆರವಾದ ವಸ್ತು ಬೇರೊಂದಿಲ್ಲ. ಅದರ ಜೊತೆಗೆ ಹವಾಮಾನ ಇಲಾಖೆಯ ಎಫ್214 ಗಾಳಿ ನಕ್ಷೆಯನ್ನು ತಪ್ಪದೆ ನೋಡುತ್ತೇನೆ. 1,000, 2,000, 5,000 ಅಡಿಗಳಲ್ಲಿ ಗಾಳಿ ಎಷ್ಟೆಂದು ಅದರಲ್ಲಿ ಬೇರೆಬೇರೆಯಾಗಿ ಇರುತ್ತದೆ. ಎದುರುಗಾಳಿಯಾದರೆ ನೆಲ ಅನುಮತಿಸುವಷ್ಟು ತಗ್ಗಿನಲ್ಲಿ, ಹಿಂಗಾಳಿಯಾದರೆ ಮೋಡ ಬಿಡುವಷ್ಟು ಎತ್ತರದಲ್ಲಿ. 8 ನಾಟ್ ವ್ಯತ್ಯಾಸ ಸಿಕ್ಕಿದರೂ ನಮ್ಮ ವೇಗಕ್ಕೆ ಅದು ದೊಡ್ಡ ಸಂಪಾದನೆ.

ತೂಕದ ಲೆಕ್ಕ ಕಟುವಾದದ್ದು. ಗರಿಷ್ಠ 450 ಕಿಲೋ. ನನ್ನದರ ಖಾಲಿ ತೂಕ 245. ತಲಾ 85 ಕಿಲೋದ ಇಬ್ಬರು ಕುಳಿತರೆ ಉಳಿಯುವುದು 35 ಕಿಲೋ, ಅಂದರೆ 48 ಲೀಟರ್ ಪೆಟ್ರೋಲ್. ಬಟ್ಟೆಯ ಚೀಲಕ್ಕೂ ಜಾಗವಿಲ್ಲ. ಹತ್ತು ಕಿಲೋ ಸಾಮಾನು ಇಟ್ಟರೆ ಪೆಟ್ರೋಲ್ 34 ಲೀಟರಿಗೆ ಇಳಿದು, ಎದುರುಗಾಳಿಯಲ್ಲಿ 50 ಮೈಲಿಯೂ ಖಾತ್ರಿಯಿಲ್ಲ. ದೂರದ ಪ್ರಯಾಣಕ್ಕೆ ನಾನು ಒಬ್ಬನೇ ಹೋಗುವುದು ಇದೇ ಕಾರಣಕ್ಕೆ. ಪಕ್ಕದ ಆಸನದಲ್ಲಿ ಬೆಲ್ಟ್ ಬಿಗಿದು ಡೇರೆ, ಗೂಟ, ಎಣ್ಣೆಯ ಡಬ್ಬಿ ಇಡುತ್ತೇನೆ. ಈ ಎಂಜಿನ್‌ಗೆ 50 ಲೀಟರಿಗೆ ಒಂದು ಲೀಟರ್ ಎಣ್ಣೆ ಬೆರೆಸಬೇಕು. ಎಲ್ಲ ಏರ್‌ಫೀಲ್ಡ್‌ಗಳಲ್ಲಿ ಟೂ-ಸ್ಟ್ರೋಕ್ ಎಣ್ಣೆ ಸಿಗುವುದಿಲ್ಲ. ಹೊರಡುವ ಮುನ್ನ ಪ್ರತಿ ನಿಲ್ದಾಣಕ್ಕೂ ಫೋನ್ ಮಾಡಿ ಇಳಿಯಲು ಅನುಮತಿ, ಇಂಧನದ ಬಗೆ, ಹುಲ್ಲಿನ ರನ್‌ವೇ ಕೆಸರಾಗಿದೆಯೇ ಎಂಬ ಮೂರನ್ನೂ ಕೇಳಿಕೊಳ್ಳುತ್ತೇನೆ. ಆ ಒಂದು ಕರೆಯಿಂದಲೇ ಎಷ್ಟೋ ಕಡೆ ಚಹಾ ಮತ್ತು ರಾತ್ರಿ ಡೇರೆ ಹಾಕಲು ಒಂದು ಮೂಲೆ ದೊರೆತಿವೆ.

ವಿಮಾನದ ನಡತೆಯ ಬಗ್ಗೆ ನನಗೆ ಪೂರ್ತಿ ಸಮಾಧಾನವಿದೆ. ನಿಧಾನಕ್ಕೆ ಇಳಿಯುತ್ತದೆ, ಚಿಕ್ಕ ಹೊಲವೂ ಸಾಕಾಗುತ್ತದೆ. ಕೆಳಗಿನ ಹಳ್ಳಿ, ಚರ್ಚು, ಕಾಲುವೆಗಳನ್ನು ಒಂದೊಂದಾಗಿ ಗುರುತಿಸುತ್ತಾ ಹೋಗಲು ಪುರುಸೊತ್ತು ಕೊಡುತ್ತದೆ. ಚಳಿ ಮತ್ತು ಸದ್ದು ಹೆಚ್ಚು. ಬೇಸಿಗೆಯಲ್ಲೂ ದಪ್ಪ ಜಾಕೆಟ್ ಬೇಕು, ಒಳ್ಳೆಯ ಹೆಡ್‌ಸೆಟ್‌ಗೆ ಹಣ ಹಾಕಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎರಡನ್ನು ನೋಡಿ. ರೋಟಾಕ್ಸ್ 582ಕ್ಕೆ ತಯಾರಕರು ಹೇಳುವ ಓವರ್‌ಹಾಲ್ (ಪೂರ್ತಿ ಬಿಚ್ಚಿ ಸರಿಪಡಿಸುವ) ಅವಧಿ 300 ಗಂಟೆ; ಅದರಲ್ಲಿ ಎಷ್ಟು ಬಾಕಿ ಇದೆ ಎಂಬುದನ್ನು ಬೆಲೆಯಲ್ಲಿ ಲೆಕ್ಕ ಹಿಡಿಯಿರಿ. ಇನ್ನು ಬಟ್ಟೆ: ಬಿಸಿಲಿನ ಅತಿನೇರಳೆ ಕಿರಣ ಹಾಯಿಬಟ್ಟೆಯನ್ನೂ ಹೊಲಿಗೆಯ ದಾರವನ್ನೂ ಸದ್ದಿಲ್ಲದೆ ದುರ್ಬಲಗೊಳಿಸುತ್ತದೆ, ಬಣ್ಣ ನೋಡಿ ಹೇಳಲಾಗದು. ಬಟ್ಟೆ, ಹೊಲಿಗೆ ಎಷ್ಟು ಎಳೆತ ತಡೆಯುತ್ತವೆ ಎಂದು ನೋಡುವ ಬೆಟ್ಸೋಮೀಟರ್ ಎಂಬ ಚಿಕ್ಕ ಸಾಧನದಿಂದ ರೆಕ್ಕೆಯ ಮೇಲ್ಭಾಗದಲ್ಲಿ ಪರೀಕ್ಷೆ ಮಾಡಿಸಿ, ನಿಮ್ಮ ಕಣ್ಣೆದುರೇ ಮಾಡಿಸಿ. ಹ್ಯಾಂಗರಿನೊಳಗೆ ಬೆಳೆದ ವಿಮಾನ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ.